ಕೈಯಲ್ಲಿ ಎರಡು ಸುತ್ತು

“ನಾನು ಕೈ ತೊಳ್ಕಂಡು ಬರೋವಷ್ಟು ಹೊತ್ತು ತಡೀಲಿಕ್ಕೆ ಆಗ್ಲಿಲ್ವನಾ ನಿಂಗೆ? ಯಾವ ಮುಹೂರ್ತ ಮೀರಿ ಹೋಗ್ತಿತ್ತು ಮಾರಾಯ?”

“ಹಲ್ಲು ಸರಿಯಾಗಿ ಕೂರ್ಸಿದ್ರೆ ಕೀ ಯಾವಾಗ ತಿರುವಿದ್ರೇನ್ರಿ? ಕೂರ್ಸಿದೋರು ನೀವು. ನನ್ ಮ್ಯಾಲ್ಯಾಕೆ ಹಾರಾಡ್ತೀರಿ?”

ಉಚ್ಚಂಗಪ್ಪನ ಕೈಯಿಂದ ಸೋಪಿನ ನೊರೆ ಮೊಣಕೈಗೆ ಇಳಿಯುತ್ತಿತ್ತು. ಹಿತ್ತಿಲ ತೊಟ್ಟಿಯ ಹತ್ತಿರ ನಿಂತಿದ್ದವನು ಸದ್ದು ಕೇಳಿ ಹಾಗೇ ಓಡಿ ಬಂದಿದ್ದ. ವೀರಬಸಪ್ಪ ಕಾರಿನೊಳಗೆ ಒಂದು ಕಾಲು, ಹೊರಗೆ ಒಂದು ಕಾಲು ಇಟ್ಟುಕೊಂಡು ಕೂತಿದ್ದ. ಕೀ ಇನ್ನೂ ಅವನ ಬೆರಳಲ್ಲೇ ಇತ್ತು. ಎಂಜಿನ್ನು ಅರೆ ಗಳಿಗೆ ತಿರುಗಿ, ಕಬ್ಬಿಣದ ಕೊಪ್ಪರಿಗೆಗೆ ಜಲ್ಲಿ ಸುರಿದಂತೆ ಸದ್ದು ಮಾಡಿ, ಸತ್ತು ಹೋಗಿತ್ತು. ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದ ನಿಂಗಮ್ಮನ ಕೈ ನಿಂತಲ್ಲೇ ನಿಂತಿತ್ತು. ಜಗಳವಾಡುತ್ತಿದ್ದವರಲ್ಲಿ ವೀರಬಸಪ್ಪ ಅವಳ ಗಂಡ, ಉಚ್ಚಂಗಪ್ಪ ಒಡಹುಟ್ಟಿದ ಅಣ್ಣ.

“ಎರಡು ಸುತ್ತು ಕೈಯಲ್ಲಿ ತಿರುಗಿಸ್ದೆ ಕೀ ಮುಟ್ಬೇಡ ಅಂತ ಎಷ್ಟು ಸಲ ಹೇಳಿದೀನಿ? ಎಷ್ಟು ಸಲ?”

“ಹೇಳ್ತಾನೇ ಇರ್ತೀರಿ. ಬೆಳಗಿಂದ ಸಾಯಂಕಾಲದತಂಕ ಹೇಳ್ತಾನೇ ಇರ್ತೀರಿ. ಹೇಳೋ ಬಾಯಿಗಿಂತ ಮಾಡೋ ಕೈ ನೆಟ್ಟಗಿರ್ಬೇಕು!”

ವೀರಬಸಪ್ಪನ ಸಿಟ್ಟು ಬಳ್ಳಿಗಾವಿಗೆಲ್ಲ ಗೊತ್ತಿದ್ದ ಸಿಟ್ಟು. ಅದು ಬಂದಾಗ ಅವನ ಬಾಯಿಗೆ ಬಾಗಿಲಿರುತ್ತಿರಲಿಲ್ಲ. ಎದುರಿಗಿರುವವರು ಹಿರಿಯರೋ ಕಿರಿಯರೋ, ನೆಂಟರೋ ನೆರೆಯವರೋ, ಆ ಹೊತ್ತಿಗೆ ಅವನಿಗೆ ಎಲ್ಲರೂ ಒಂದೇ. ಸಿಟ್ಟು ಇಳಿದ ಮೇಲೆ ಎಮ್ಮೆಯ ಮೈ ತೊಳೆಯುತ್ತಲೋ ಹಗ್ಗ ಹೊಸೆಯುತ್ತಲೋ ಒಬ್ಬನೇ ಕೂರುತ್ತಿದ್ದ. ತಪ್ಪಾಯಿತು ಎಂಬ ಮಾತು ಮಾತ್ರ ಐವತ್ತೆರಡು ವರ್ಷದಲ್ಲಿ ಅವನ ನಾಲಿಗೆ ದಾಟಿ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಕಾರು ಫ್ರೆಂಚರದು, ಲೋಗನ್. ಒಂಬತ್ತು ವರ್ಷದ ಹಿಂದೆ ಶಿವಮೊಗ್ಗದ ಒಬ್ಬ ಮೇಷ್ಟರ ಹತ್ತಿರ ಕೊಂಡದ್ದು. ಆಗಲೇ ಹಳೆಯದಾಗಿತ್ತು. ಇಡೀ ಮನೆ ಮಂದಿ ಕೂತರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತು. ಹಿಂದಿನ ಡಿಕ್ಕಿಯಲ್ಲಿ ನಾಲ್ಕು ಚೀಲ ಗೊಬ್ಬರ ಹಿಡಿಯುತ್ತಿತ್ತು. ಆದರೆ ಅದರ ರೀತಿಯೇ ಬೇರೆ. ಹಾರ್ನು ಸ್ಟೀರಿಂಗಿನ ನಡುವೆ ಇಲ್ಲ, ಇಂಡಿಕೇಟರ್ ಕಡ್ಡಿಯ ತುದಿಯಲ್ಲಿ. ಬೋಲ್ಟುಗಳ ತಲೆಯಲ್ಲಿ ನಕ್ಷತ್ರದ ಆಕಾರದ ಗುಳಿ. ನಮ್ಮ ಪಾನಾ ಅದಕ್ಕೆ ಕೂರುವುದಿಲ್ಲ. ಶಿಕಾರಿಪುರದ ಗ್ಯಾರೇಜುಗಳವರು ಬಾನೆಟ್ ಎತ್ತಿ ನೋಡಿ, “ಸಾಹುಕಾರ್ರೇ, ಇದಕ್ಕೆ ನಾವು ಕೈ ಹಾಕಾಕಿಲ್ಲ” ಎಂದು ಮತ್ತೆ ಮುಚ್ಚುತ್ತಿದ್ದರು.

ಹಾಗೆ ಹುಡುಕುತ್ತ ಹೋದಾಗ ತಿಳಿದದ್ದು, ಸೊರಬದಲ್ಲಿ ಇದೇ ಕಾರು ಇನ್ನೊಂದು ಇದೆ, ಅದರ ಯಜಮಾನ ಮನೆಯಲ್ಲೇ ರಿಪೇರಿ ಮಾಡಿಕೊಂಡು ಓಡಿಸುತ್ತಾನೆ ಎಂದು. ಆ ಯಜಮಾನ ಯಾರೆಂದರೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದು ನಿವೃತ್ತನಾಗಿದ್ದ ಉಚ್ಚಂಗಪ್ಪ, ನಿಂಗಮ್ಮನ ಅಣ್ಣ. ಆಗ ಎರಡು ಮನೆಗೂ ಏಳು ವರ್ಷದಿಂದ ಮಾತಿರಲಿಲ್ಲ. ನಿಂಗಮ್ಮನ ಅಪ್ಪ ತೀರಿಕೊಂಡಾಗ ಶಿವಗಣಾರಾಧನೆಯ ದಿನ ತನ್ನನ್ನು ಮೊದಲ ಪಂಕ್ತಿಗೆ ಕರೆಯಲಿಲ್ಲವೆಂದು ವೀರಬಸಪ್ಪ, ಬಡಿಸಿದ ಎಲೆ ಬಿಟ್ಟು ಎದ್ದು ಬಂದಿದ್ದ. ಅಂದಿನಿಂದ ನಿಂಗಮ್ಮನಿಗೆ ತವರಿನ ದಾರಿ ಮುಚ್ಚಿತ್ತು. ತಾನಾಗಿ ಕೇಳಲು ವೀರಬಸಪ್ಪನಿಗೆ ಬಾಯಿ ಬರಲಿಲ್ಲ. ಹೆಂಡತಿಯ ಕೈಯಲ್ಲಿ ಫೋನ್ ಮಾಡಿಸಿದ. ಮುಂದಿನ ಭಾನುವಾರ ಉಚ್ಚಂಗಪ್ಪ ತನ್ನ ಕಾರು ಮಕ್ಕಳಿಗೆ ಬಿಟ್ಟು, ಉಪಕರಣದ ಪೆಟ್ಟಿಗೆ ಹಿಡಿದು ಬಸ್ಸಿಳಿದ. ಎಲೆಯ ಮಾತು ಎತ್ತಲೇ ಇಲ್ಲ. ಗೋಣಿತಾಟು ಹಾಸಿ ಕಾರಿನ ಕೆಳಗೆ ಮಲಗಿದ.

ಅಲ್ಲಿಂದ ಈಚೆಗೆ ತಿಂಗಳಿಗೆ ಒಂದೋ ಎರಡೋ ಭಾನುವಾರ ಹೀಗೇ. ಕಾರು ಓಡುತ್ತಿದ್ದದ್ದು ಭಾವನ ಕೈಯಿಂದ. ಭಾವ ಬರುತ್ತಿದ್ದದ್ದು ಕಾರಿನ ನೆವದಿಂದ. ಅದಕ್ಕೇ ನಿಂಗಮ್ಮ ಆಯುಧಪೂಜೆಯ ದಿನ ಆ ಕಾರಿಗೆ ಎಲ್ಲಕ್ಕಿಂತ ದೊಡ್ಡ ಹಾರ ಹಾಕುತ್ತಿದ್ದಳು.

ಈ ಸಲದ ಕೆಲಸ ದೊಡ್ಡದು. ಎಂಜಿನ್ನಿನಲ್ಲಿ ಮೇಲೊಂದು ಕೆಳಗೊಂದು ಹಲ್ಲಿನ ಚಕ್ರ. ಎರಡನ್ನೂ ಕೂಡಿಸಿ ತಿರುಗಿಸುವುದು ಹಲ್ಲಿರುವ ರಬ್ಬರ್ ಬೆಲ್ಟು. ಅದು ಸವೆದಿತ್ತು. ಹಳೆಯದನ್ನು ತೆಗೆಯುವ ಮೊದಲು ಎರಡೂ ಚಕ್ರ ನಿಂತ ಜಾಗಕ್ಕೆ ಗುರುತು ಹಾಕಬೇಕು, ಹೊಸದು ಕೂರಿಸುವಾಗ ಗುರುತಿಗೆ ಗುರುತು ಕೂಡಬೇಕು. ಎರಡು ಮೂರು ಹಲ್ಲು ಆಚೀಚೆ ಆದರೆ ಒಳಗೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗಿ ಹೋಗುತ್ತವೆ. ಕೈಯಲ್ಲಿ ಪಾನಾ ಹಾಕಿ ನಿಧಾನಕ್ಕೆ ಎರಡು ಸುತ್ತು ತಿರುಗಿಸಿದರೆ, ತಪ್ಪಿದ್ದರೂ ತಡೆ ಸಿಕ್ಕುತ್ತದೆ, ಏನೂ ಕೆಡುವುದಿಲ್ಲ. ಕೀ ತಿರುವಿದರೆ ಅದು ಕಾಯುವುದಿಲ್ಲ.

ಹಿಂದಿನ ಭಾನುವಾರ ಉಚ್ಚಂಗಪ್ಪ ಬಂದು, ಎಂಜಿನ್ನಿನ ಅಡಿಗೆ ಜಾಕು, ಜಾಕಿನ ಮೇಲೆ ಹಲಸಿನ ಕೊರಡು ಕೊಟ್ಟು, ಅಕ್ಷರ ಅಳಿಸುವ ವೈಟ್ನರಿನಲ್ಲಿ ಚಕ್ರಗಳಿಗೆ ಗುರುತು ಹಾಕಿ, ಬೆಲ್ಟು ಬಿಚ್ಚಿದ್ದ. ಬೆಲ್ಟು ಬಿಗಿಯುವ ರೋಲರು ಶಿವಮೊಗ್ಗದಿಂದ ಬರುವುದು ತಡವಾಯಿತು. “ಮುಂದಿನ ವಾರ ಬರ್ತೀನಿ. ಅಲ್ಲೀವರೆಗೆ ಇದ್ರ ಹತ್ರ ಒಂದು ನೊಣಾನೂ ಕೂರಬಾರ್ದು” ಎಂದು ಹೇಳಿ ಹೋಗಿದ್ದ. ಈ ಭಾನುವಾರ ಬಂದು, ಗುರುತಿಗೆ ಗುರುತು ಕೂಡಿಸಿ, ಬೆಲ್ಟು ಬಿಗಿದು, ಕೈ ತೊಳೆಯಲು ಹೋಗಿದ್ದ. ಅಷ್ಟರಲ್ಲಿ ವೀರಬಸಪ್ಪ ಕೀ ತಿರುವಿದ್ದ.

ಈಗ ಉಚ್ಚಂಗಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಬಾನೆಟ್ಟಿನ ಹತ್ತಿರ ಬಂದ.

“ನಾನು ಕೂರ್ಸಿದ್ದು ಗುರುತಿನ ಮೇಲೇ. ಬೇಕಿದ್ರೆ ನೋಡು.”

“ಎಂಥದು ನೋಡೋದು? ನೀವು ನೋಡಿದ್ರಲ್ಲ, ಸಾಕು ಬಿಡ್ರಿ. ಬೇಸಿಗೆಯಾಗೆ ಪೊರೆ ತೆಗೆಸ್ಕಂಡ ಕಣ್ಣು. ಮೂರು ಹಲ್ಲು ಹೆಚ್ಚೇನು, ಕಡಿಮೆಯೇನು!”

“ಕಣ್ಣಿನ ಸುದ್ದಿ ಎತ್ತಬೇಡ, ವೀರಬಸಪ್ಪ.”

“ಎತ್ತದೇ ಏನ್ರಿ? ಮನೆಯಾಗೆ ನಿಮ್ಮ ಮಕ್ಕಳು ನಿಮ್ಮ ಕೈಗೆ ಪಾನಾ ಕೊಡಲ್ಲಂತೆ. ಅಪ್ಪಾಜಿ, ನೀವು ಸುಮ್ನೆ ಕೂತ್ಕಳ್ರಿ ಅಂತಾರಂತೆ. ಅಲ್ಲಿ ಕೂತ್ಕಂಡು ಬೇಜಾರಾದಾಗ ಇಲ್ಲಿಗೆ ಬಂದು ನನ್ನ ಗಾಡಿ ಮ್ಯಾಲೆ ಕೈ ಪಳಗಿಸ್ಕಂತೀರಿ!”

ನಿಂಗಮ್ಮ ಜೋಳ ಹರವುವ ಕೋಲು ಬಿಸಾಡಿ ಬಂದಳು. ಆ ಮಾತನ್ನು ಗಂಡನಿಗೆ ಹೇಳಿದ್ದು ಅವಳೇ, ಅಣ್ಣನ ಬಗ್ಗೆ ಕರುಳು ಚುರ್ ಎಂದು ಒಂದು ದಿನ ಹೇಳಿದ್ದಳು.

“ರೀ, ಬಾಯಿ ಮುಚ್ಚಿ” ಎಂದಳು.

“ನೀನು ಸುಮ್ಕಿರೆ.”

ಉಚ್ಚಂಗಪ್ಪ ತಂಗಿಯನ್ನು ಒಮ್ಮೆ ನೋಡಿದ. ಆಮೇಲೆ ಅವನ ದನಿಯೂ ಏರಿತು.

“ಮೂವತ್ನಾಲ್ಕು ವರ್ಷ ಸರ್ಕಾರಿ ಬಸ್ಸು ಬಿಚ್ಚಿ ಕಟ್ಟಿದೀನಿ ಮಾರಾಯ. ನಿಂಗೆ ಒಂದು ಸೈಕಲ್ ಪಂಚರ್ ಹಾಕ್ಲಿಕ್ಕೆ ಬರ್ತದನಾ? ಆ ಟಿಲ್ಲರ್ರು ನೀನೇ ರಿಪೇರಿ ಮಾಡ್ತೀನಿ ಅಂತ ಬಿಚ್ಚಿದೆ. ಈಗ ಅದ್ರೊಳಗೆ ಬೆಕ್ಕು ಮೂರು ಸೂಲು ಮರಿ ಹಾಕಿದೆ. ಹೋಗಿ ಬೆಕ್ಕಿಗೆ ಕೇಳು ನಿನ್ನ ಕೈಗುಣ ಎಂಥದು ಅಂತ.”

“ನನ್ನ ಟಿಲ್ಲರ್ರು, ನನ್ನ ಬೆಕ್ಕು. ನಿಮಗ್ಯಾಕ್ರಿ?”

“ನಿನ್ನ ಗಾಡಿ, ನಿನ್ನ ಕೀ, ತಿರುವು ಮತ್ತೆ! ಬಾಗಿದ ವಾಲ್ವನ್ನೂ ನೀನೇ ನೆಟ್ಟಗೆ ಮಾಡ್ಕ. ಕುಣೀಲಿಕ್ಕೆ ಬಾರದವ್ನಿಗೆ ಅಂಗಳ ಡೊಂಕು.”

ವೀರಬಸಪ್ಪನಿಗೆ ತಲೆ ಸಿಡಿಯಿತು. ಕಾರಿನಿಂದ ಧಡಾರನೆ ಇಳಿದು ಬಂದ. “ತೋರಿಸ್ತೀನಿ, ನಿಮ್ಮ ಗುರುತು ಎಲ್ಲೈತೆ, ಹಲ್ಲು ಎಲ್ಲೈತೆ ಅಂತ ತೋರಿಸ್ತೀನಿ. ನಿಂಗವ್ವ, ಮೊಬೈಲ್ ಬೆಳಕು ಬಿಡೇ ಇತ್ಲಾಗೆ!”

ಅವನು ಬಾನೆಟ್ಟಿನೊಳಗೆ ಬಗ್ಗಿ ಕತ್ತು ಮುರಿದಂತೆ ತಲೆ ತೂರಿಸಿದ. ನಿಂಗಮ್ಮ ಬೆಳಕು ಹಿಡಿದಳು. ಮೇಲಿನ ಚಕ್ರದ ಅಂಚಿನಲ್ಲಿ, ಹಲ್ಲಿನ ಸಂದಿನಲ್ಲಿ, ಬೆಳ್ಳಗೆ ಗುರುತು ಕಂಡಿತು. ಬೆಲ್ಟು ಅದರ ನೇರಕ್ಕೇ ಕೂತಿತ್ತು. ಎಲ್ಲೋ ಮೂರು ಹಲ್ಲು ತಪ್ಪಿದೆ ಎಂದು ಬಯ್ಯಲು ಬಗ್ಗಿದ್ದವನಿಗೆ ಬಯ್ಯಲು ಏನೂ ಸಿಕ್ಕಲಿಲ್ಲ. ಹಾಗಾದರೆ ಗುರುತೇ ಸರಿಯಾಗಿ ಹಾಕಿಲ್ಲ ಎಂದುಕೊಂಡು, ಹೆಬ್ಬೆರಳಿನಿಂದ ಅದನ್ನು ಉಜ್ಜಿದ.

ವೈಟ್ನರ್ ಆಗಿದ್ದರೆ ಉಗುರಿಗೆ ಸಿಕ್ಕಬೇಕಿತ್ತು, ಸಿಪ್ಪೆ ಏಳಬೇಕಿತ್ತು. ಇದು ಮೆತ್ತಗೆ ಪುಡಿಪುಡಿಯಾಗಿ ಬೆರಳಿಗೆ ಬಂತು. ದಿನಾ ಬೆಳಿಗ್ಗೆ ಹಣೆಗೆ ಹಚ್ಚಿಕೊಳ್ಳುವವನಿಗೆ ಅದು ಏನೆಂದು ಮೂಸಿ ನೋಡುವ ಅಗತ್ಯವಿರಲಿಲ್ಲ.

ವಾರದ ನಡುವೆ ಬಂದ ಆಯುಧಪೂಜೆಯ ದಿನ ಕಾರು ಹೀಗೇ ಎದೆ ಬಗೆದುಕೊಂಡು ನಿಂತಿತ್ತು. ನೇಗಿಲು, ಕುಡುಗೋಲು, ಮೋಟಾರು, ಎಲ್ಲಕ್ಕೂ ವಿಭೂತಿ ಹಚ್ಚಿ ಇದಕ್ಕೆ ಮಾತ್ರ ಬಿಡುವುದು ಹೇಗೆ? ಎಂಜಿನ್ನು ಬಿಚ್ಚಿ ಕೂತಿರುವಾಗ ಬಾನೆಟ್ಟಿಗೆ ಹಚ್ಚಿದರೆ ಅದು ಕದ ಬಿಟ್ಟು ಗೋಡೆಗೆ ಕೈ ಮುಗಿದಂತೆ. ಅವನು ವಿಭೂತಿಯನ್ನು ನೀರಲ್ಲಿ ಕಲೆಸಿ, ಮೂರು ಬೆರಳಲ್ಲಿ ಎರಡೂ ಚಕ್ರದ ಮೇಲೆ ಎಳೆದಿದ್ದ. ಮಾರನೆಯ ದಿನ, ಭಾವ ನೋಡಿದರೆ ಬಯ್ಯುತ್ತಾರೆಂದು, ಡೀಸೆಲ್ ಬಟ್ಟೆಯಲ್ಲಿ ಗಸಗಸ ಉಜ್ಜಿ ಒರೆಸಿದ್ದ. ಉಜ್ಜಿದ ಭರಕ್ಕೆ ಮೇಲಿನ ಚಕ್ರದ ವೈಟ್ನರ್ ಹೋಗಿತ್ತು. ಮೂರು ಹಲ್ಲು ಆಚೆ ಸಂದಿನಲ್ಲಿ ಕೂತ ವಿಭೂತಿ ಉಳಿದಿತ್ತು. ಭಾವ ಅದನ್ನೇ ತನ್ನ ಗುರುತೆಂದು ನಂಬಿ ಬೆಲ್ಟು ಕೂರಿಸಿದ್ದ.

“ಏನಾಯ್ತು? ಎಂತಕ್ಕೆ ಸುಮ್ಮನಾದೆ?” ಉಚ್ಚಂಗಪ್ಪ ಹಿಂದಿನಿಂದ ಕೇಳಿದ. “ಗುರುತು ಇದೆಯೋ ಇಲ್ವೋ?”

ವೀರಬಸಪ್ಪ ನೆಟ್ಟಗಾದ. ಕೈಯನ್ನು ಬೆನ್ನ ಹಿಂದೆ ತಂದು ಲುಂಗಿಗೆ ಒರೆಸಿಕೊಂಡ.

“ಐತೆ.”

“ಎಲ್ಲಿದೆ?”

“ಎಲ್ಲಿರಬೇಕಿತ್ತೋ ಅಲ್ಲೇ ಐತೆ, ನಿಮ್ಮ ವೈಟ್ನರ್ರು. ಬೆಲ್ಟು ಮೂರು ಹಲ್ಲು ಇತ್ಲಾಗೆ ಕೂತೈತೆ. ನಿಮ್ಮ ಕಣ್ಣಿಗೆ ಕಂಡಿಲ್ಲ.”

ನಿಂಗಮ್ಮ ಮೊಬೈಲ್ ಬೆಳಕು ಆರಿಸಿದಳು. ಅವಳು ಗಂಡನ ಮುಖವನ್ನೇ ನೋಡಿದಳು. ವೀರಬಸಪ್ಪ ಅವಳ ಕಡೆ ತಿರುಗಲಿಲ್ಲ.

ಉಚ್ಚಂಗಪ್ಪ ಒಗೆಯುವ ಕಲ್ಲಿನ ಮೇಲೆ ಕೂತ. ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದ. ಮತ್ತೆ ಹಾಕಿಕೊಂಡ. ಮತ್ತೆ ತೆಗೆದ. ತನ್ನ ಎರಡೂ ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿಕೊಂಡ.

“ಮೂರು ಹಲ್ಲಾ?” ಎಂದ.

“ಮೂರು.”

“ನಾನೇ ಕೂರ್ಸಿದ್ನಾ ಹಾಂಗೆ?”

ಈಗ ಹೇಳಿದ್ದರೆ ಆಗುತ್ತಿತ್ತು. ವೀರಬಸಪ್ಪನಿಗೂ ಅದು ಗೊತ್ತಿತ್ತು. ವಿಭೂತಿ ಕಣ್ರಿ ಭಾವ, ಹಬ್ಬದ ದಿನ ನಾನೇ ಹಚ್ಚಿದ್ದು ಎಂದರೆ, ಭಾವ ನಾಲ್ಕು ಮಾತು ಬಯ್ದು, ಐದನೆಯದಕ್ಕೆ ನಕ್ಕು, ಎಂಜಿನ್ನಿನ ತಲೆ ಬಿಚ್ಚಲು ಯಾವ ಭಾನುವಾರ ಎಂದು ಕೇಳುತ್ತಿದ್ದ. ಮಾತು ಗಂಟಲಿನವರೆಗೆ ಬಂತು ಕೂಡ. ಆದರೆ ಅಲ್ಲಿ ಐವತ್ತೆರಡು ವರ್ಷದ ಚಿಲಕ ಬಿದ್ದಿತ್ತು.

“ಮತ್ತೆ ಯಾರು, ಸತ್ತ ನಮ್ಮಪ್ಪ ಎದ್ದು ಬಂದು ಕೂರ್ಸಿದ್ನಾ? ನಿಮ್ಮ ಮಕ್ಕಳು ಹೇಳೋದು ಖರೇ ಐತಿ. ಇನ್ಮೇಲಾದ್ರೂ ಪಾನಾ ಕೆಳಗಿಟ್ಟು ಮನೇಲಿ ಕೂತ್ಕಳ್ರಿ.”

ಹೇಳಿದ ಮೇಲೆ ಅಲ್ಲಿ ನಿಲ್ಲಲಾಗದೆ, ನೀರು ಕುಡಿಯುವವನಂತೆ ಹಂಡೆಯ ಕಡೆ ತಿರುಗಿ ನಡೆದ.

“ನಿಲ್ಲು” ಎಂದ ಉಚ್ಚಂಗಪ್ಪ.

ವೀರಬಸಪ್ಪ ನಿಂತ. ನಡುವೆ ಹತ್ತು ಹೆಜ್ಜೆ ದೂರವಿತ್ತು.

“ಲುಂಗಿ ಹಿಂದುಗಡೆ ಎಂತದದು?”

“ಏನೈತೆ? ಏನಿಲ್ಲ.”

“ನೀಲಿ ಲುಂಗಿ. ಬಲಗಡೆ, ಸೊಂಟದಿಂದ ಒಂದು ಗೇಣು ಕೆಳಗೆ. ಬೆಳ್ಳಗೆ ಒಂದು ಹೆಬ್ಬೆರಳು.” ಉಚ್ಚಂಗಪ್ಪ ಎದ್ದು ನಿಂತಿದ್ದ. ಕನ್ನಡಕ ಇನ್ನೂ ಅವನ ಕೈಯಲ್ಲೇ ಇತ್ತು. “ವೈಟ್ನರ್ ಒಂದು ವಾರದ ಮೇಲೆ ಹಾಂಗೆ ಲುಂಗಿಗೆ ಹತ್ತಲ್ಲ ಮಾರಾಯ.”

ಅವನು ಹತ್ತಿರ ಬಂದು, ಆ ಬಿಳಿಯನ್ನು ಒಂದು ಬೆರಳಿನಿಂದ ಮುಟ್ಟಿ, ತಿಕ್ಕಿ ನೋಡಿದ.

“ಇಬೂತಿ” ಎಂದ. ನಿಂಗಮ್ಮನ ಕಡೆ ತಿರುಗಿದ. “ಹೌದನೇ ತಂಗಿ?”

“ಹಬ್ಬದ ದಿನ ಹಚ್ಚಿದ್ರು ಅಣ್ಣ” ಎಂದಳು ನಿಂಗಮ್ಮ. “ನಂಗೂ ಈಗಲೇ ಗೊತ್ತಾಗಿದ್ದು, ನಿಮ್ಮ ಗುರುತು ಅಳಿಸಿ ಹೋಗೈತಿ ಅಂತ.”

ಬಯ್ಗುಳ ಬರುತ್ತದೆ ಎಂದು ವೀರಬಸಪ್ಪ ಕಾದ. ಬಂದಿದ್ದರೆ ತಿರುಗಿ ಬಯ್ಯಬಹುದಿತ್ತು. ಉಚ್ಚಂಗಪ್ಪ ಬಯ್ಯಲಿಲ್ಲ. ಗೋಣಿತಾಟಿನ ಮೇಲೆ ಹರಡಿದ್ದ ಪಾನಾಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕಿದ. ನಕ್ಷತ್ರದ ಕೀಲಿಗಳ ಗೊಂಚಲನ್ನು ಎಣಿಸಿ ಒಳಗಿಟ್ಟ. ಜಾಕು ಅವನದೇ, ಅದನ್ನು ಹಾಗೇ ಎಂಜಿನ್ನಿನ ಅಡಿಗೆ ಬಿಟ್ಟ.

“ಅಣ್ಣ, ಎಲೆ ಹಾಕೀನಿ. ಒಬ್ಬಟ್ಟು ಮಾಡೀನಿ” ಎಂದಳು ನಿಂಗಮ್ಮ.

“ಬೇಡ ತಂಗಿ.”

“ನನ್ನ ಮುಖ ನೋಡಿ ಆದ್ರೂ, ಅಣ್ಣ.”

“ನಿನ್ನ ಮುಖ ನೋಡ್ಲಿಕ್ಕೇ ಒಂಬತ್ತು ವರ್ಷ ಬಂದೆ” ಎಂದ ಉಚ್ಚಂಗಪ್ಪ. ಪೆಟ್ಟಿಗೆ ಎತ್ತಿಕೊಂಡ. ವೀರಬಸಪ್ಪನನ್ನು ದಾಟಿ ಹೋಗುವಾಗ ಒಂದು ಗಳಿಗೆ ನಿಂತ. “ವಾಲ್ವು ಬಾಗಿದ್ದಕ್ಕೆ ಔಷಧಿ ಇತ್ತು. ಕುರುಡ ಅಂತ ನನ್ನನ್ನೇ ನಂಬಿಸ್ಲಿಕ್ಕೆ ನೋಡಿದೆಯಲ್ಲ.”

“ಹೋಗ್ರಿ, ಹೋಗ್ರಿ!” ವೀರಬಸಪ್ಪ ಕೂಗಿದ. “ನಿಮ್ಮಂಥ ಮೆಕ್ಯಾನಿಕ್ಕು ಶಿರಾಳಕೊಪ್ಪದಾಗೆ ಬೀದಿಗೆ ಹತ್ತು ಜನ ಸಿಗ್ತಾರೆ!”

ಆ ಕಾರಿಗೆ ಹತ್ತು ಜನ ಹೋಗಲಿ, ಒಬ್ಬನೂ ಇರಲಿಲ್ಲ. ಮೂವರಿಗೂ ಗೊತ್ತಿತ್ತು.

ಉಚ್ಚಂಗಪ್ಪ ಬೇಲಿಯ ಬಾಗಿಲಿನ ದಣಪೆ ದಾಟಿದ. ಪೆಟ್ಟಿಗೆಯ ಭಾರಕ್ಕೆ ಒಂದು ಭುಜ ಇಳಿದಿತ್ತು.

“ಈ ಹೊತ್ನಾಗೆ ಬಸ್ಸಿಲ್ಲ” ಎಂದ ವೀರಬಸಪ್ಪ ಹೆಂಡತಿಗೆ. “ಬಿಸಿಲಾಗೆ ಎಲ್ಲಿಗೆ ಹೋಗ್ತಾರೆ? ಅರ್ಧ ಗಂಟೆಗೆ ವಾಪಸ್ ಬರ್ತಾರೆ ನೋಡು.”

ನಿಂಗಮ್ಮ ಒಳಗೆ ಹೋದಳು. ಅವನು ದೊಡ್ಡ ಪಾನಾಕ್ಕಾಗಿ ಹುಡುಕಿದ. ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡೋಣ, ಏನೂ ಆಗಿರಲಿಕ್ಕಿಲ್ಲ ಎಂದು ಒಂದು ಆಸೆ. ದೊಡ್ಡ ಪಾನಾ ಭಾವನ ಪೆಟ್ಟಿಗೆಯಲ್ಲಿ ಹೋಗಿತ್ತು. ಟಿಲ್ಲರಿನದು ತಂದು ಹಾಕಿದ, ಹೇಗೋ ಕೂತಿತು. ಕಾಲು ಸುತ್ತು ಬಂತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ನಿಂತಿತು.

ಮೂರು ಗಂಟೆಯ ಬಸ್ಸು ಶಿರಾಳಕೊಪ್ಪದ ಕಡೆ ಹೋಯಿತು. ಐದರದೂ ಹೋಯಿತು. ನಡುಮನೆಯಲ್ಲಿ ಹಾಕಿದ್ದ ಎಲೆಯ ಅಂಚು ಬಾಡಿ ಸುರುಳಿಯಾಗಿತ್ತು. ನಿಂಗಮ್ಮ ಅದನ್ನು ಬಳಿದು ಎಮ್ಮೆಗೆ ಹಾಕಿ ಬಂದಳು. ವೀರಬಸಪ್ಪ ಪಾನಾ ಹಿಡಿದುಕೊಂಡೇ ದಣಪೆಯ ಹತ್ತಿರ ನಿಂತಿದ್ದ. ರಸ್ತೆಯ ಆಚೆ ತುದಿಯವರೆಗೂ ಯಾರೂ ಇರಲಿಲ್ಲ.

ಉಚ್ಚಂಗಪ್ಪ ಬರಲಿಲ್ಲ. ಆ ಭಾನುವಾರವೂ, ಆಮೇಲಿನ ಯಾವ ಭಾನುವಾರವೂ.