ಎಡಕ್ಕೆ ತಳ್ಳಿದವನು

ಖಲೀಲ ಮಕಾನದಾರನಿಗೆ ಕುಳಿತುಕೊಳ್ಳಲು ಬರುವುದಿಲ್ಲ. ಕುರ್ಚಿ ಕೊಟ್ಟರೆ ಅದರ ಅಂಚಿಗೆ ತಗುಲಿಕೊಂಡು, ಮೊಣಕಾಲು ಕುಣಿಸುತ್ತ, ಎದುರಿನವರ ಮುಖ ಬಿಟ್ಟು ಸೊಂಟವನ್ನೇ ದಿಟ್ಟಿಸುತ್ತಾನೆ. "ಮಾರಿ ಸುಳ್ಳ ಹೇಳತೈತ್ರಿ, ಸೊಂಟ ಹೇಳೂದಿಲ್ಲ" ಎಂಬುದು ಅವನ ಸಮಜಾಯಿಷಿ. ನಿಪ್ಪಾಣಿಯ ಪೇಟೆಯಲ್ಲಿ ಯಾರಾದರೂ ಎದುರಾಗಿ ಎಡಕ್ಕೆ ಸರಿದರೆ ತಾನೂ ಅತ್ತಲೇ, ಬಲಕ್ಕೆ ಸರಿದರೆ ತಾನೂ ಅತ್ತಲೇ ಸರಿದು, ಆ ಧಡೂತಿ ದೇಹವನ್ನು ದಾಟಲಾಗದೆ ಅವರು ತಬ್ಬಿಬ್ಬಾದಾಗ ನಾಚಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಾನೆ. ಬೀಡಿ ಕಟ್ಟುವ ತಾಯಿ ಮೆಹರುಬಿ, ಮೊರದಿಂದ ಕಣ್ಣೆತ್ತದೆ, "ಒಂದ ಕಡೆ ಕುಂಡ್ರ ಬೇಟಾ, ನಿನ್ನ ಗಾಳಿಗೆ ನನ್ನ ಎಲಿ ಹಾರಾಕತ್ತಾವು" ಎಂದು ಗದರುತ್ತಾಳೆ.

ಬಾಸ್ಕೆಟ್‌ಬಾಲ್ ಅವನ ವೃತ್ತಿಯಾಗಿತ್ತು. ಪುಣೆಯ ತಂಡವೊಂದು ಅವನಿಗೆ ಸಂಬಳ ಕೊಟ್ಟದ್ದು ಚೆಂಡನ್ನು ಬುಟ್ಟಿಗೆ ಹಾಕಲೆಂದಲ್ಲ, ಹಾಕುವವನ ಸೊಂಟ ಎತ್ತ ತಿರುಗುತ್ತದೆಂದು ಓದಿ ಅವನನ್ನು ತಡೆಯಲೆಂದು. ಹಾಗೆ ಅವನು ತಡೆದವರಲ್ಲೆಲ್ಲ ದೊಡ್ಡವನು ಅಥಣಿಯ ವಿಕ್ರಾಂತ. ದ್ರಾಕ್ಷಿ ತೋಟದ ಮನೆಯವನು, ಮುಂಬಯಿ ತಂಡದ ಕಣ್ಮಣಿ. ಚಿಕ್ಕೋಡಿಯ ಶಾಲಾ ಪಂದ್ಯಗಳಿಂದ ಹಿಡಿದು ಇಬ್ಬರೂ ಎದುರುಬದುರು ನಿಂತೇ ಬೆಳೆದವರು. ಗೆಳೆತನವೆಂದರೂ ಅದೇ, ವೈರವೆಂದರೂ ಅದೇ.

ಒಂದು ಸೆಮಿಫೈನಲ್ಲಿನ ದಿನ, ಆಟಕ್ಕೆ ಮುನ್ನ ಮೈ ಕಾಯಿಸಿಕೊಳ್ಳುತ್ತಿದ್ದ ವಿಕ್ರಾಂತ ಎಡಗಾಲನ್ನು ಅಳುಕುತ್ತ ಊರುವುದನ್ನು ಖಲೀಲ ಕಂಡ. ಕಾಲಿನ ಸಂಗತಿ ಅರಿಯದ ತರಬೇತುದಾರ ಸಂಗ್ರಾಮ, ವಿಕ್ರಾಂತನ ಎಡಗೈ ಆಟ ಸಪ್ಪೆಯೆಂದು, ಅಂದು ಹೇಳಿದ್ದೂ ಒಂದೇ ಮಾತು: ಅವನನ್ನು ಎಡಕ್ಕೆ ತಳ್ಳು. ಖಲೀಲ ತಳ್ಳಿದ. ವಿಕ್ರಾಂತನ ಬಲಗಡೆಯ ದಾರಿಯನ್ನೆಲ್ಲ ಮೈಯಡ್ಡ ಕೊಟ್ಟು ಮುಚ್ಚಿ, ಮತ್ತೆ ಮತ್ತೆ ಎಡಕ್ಕೇ ತಳ್ಳಿದ. ಕೊನೆಯ ಅವಧಿಯಲ್ಲಿ ವಿಕ್ರಾಂತನ ಎಡ ಹಿಮ್ಮಡಿಯ ನರ ಹರಿಯಿತು. ಖಲೀಲ ಅವನನ್ನು ಮುಟ್ಟಿಯೂ ಇರಲಿಲ್ಲ. ರೆಫ್ರಿ ಸೀಟಿ ಊದಲಿಲ್ಲ. ಗೆದ್ದ ಸಂಗಾತಿಗಳು ಕುಣಿಯುವಾಗ ಅವನು ಹೊರಗಿನ ಓಣಿಯಲ್ಲಿ ಶತಪಥ ಹಾಕುತ್ತಿದ್ದ.

ಕೆಲವು ದಿನ ತಡೆದುಕೊಂಡು, ತಡೆಯಲಾಗದೆ, ಅಥಣಿಗೆ ಹೋದ.

"ಕಾಲ ನೋಯಾಕತ್ತಿದ್ದು ನಿನಗ ಗೊತ್ತಿತ್ತೇನಲೇ?" ಎಂದ ವಿಕ್ರಾಂತ, ಪಟ್ಟಿ ಸುತ್ತಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು.

"ಗೊತ್ತಿತ್ತು."

ವಿಕ್ರಾಂತ ಕಾಲಿನ ಪಟ್ಟಿಯ ಅಂಚನ್ನು ಸರಿಪಡಿಸಿಕೊಂಡ. "ನಮ್ಮ ಟೀಮಿನವರಿಗೂ ಹೇಳಿರಲಿಲ್ಲ ನಾ, ಮನ್ಯಾಗೂ ಹೇಳಿರಲಿಲ್ಲ. ನೀ ಒಬ್ಬನ ನೋಡಿದಿ."

ಅದು ದೂರೋ, ಇನ್ನೇನೋ, ಖಲೀಲನಿಗೆ ಬಗೆಹರಿಯಲಿಲ್ಲ. ಲೀಗಿಗೆ ಬಿಡುವಾದಾಗಲೆಲ್ಲ ಅವನ ಮೋಟಾರುಸೈಕಲ್ಲು ಅಥಣಿಯ ಹಾದಿ ಹಿಡಿಯಿತು. ಕಾಲು ಕೂಡಿಕೊಂಡರೂ ಅದರ ಮೇಲೆ ಭಾರ ಹಾಕಲು ವಿಕ್ರಾಂತ ಹಿಂಜರಿಯುತ್ತಿದ್ದ. ಒಣದ್ರಾಕ್ಷಿ ಶೆಡ್ಡಿನ ಸಿಮೆಂಟು ನೆಲದ ಮೇಲೆ ಖಲೀಲ ಅವನೆದುರು ನಿಂತು, ಬಲಗಡೆಯನ್ನು ಮುಚ್ಚಿ, "ಈ ಕಡೆ ಬಾರಲೇ, ಎಡಕ್ಕ ಬಾ" ಎಂದು ಕೆಣಕುತ್ತಿದ್ದ.

"ಸಾಕ ಬಿಡ್ರಿ ಭಾವಜಿ, ಅವರಿಗೆ ಬ್ಯಾನಿ ಆಗಾಕತ್ತೈತಿ" ಎಂದಳು ಒಮ್ಮೆ ವಿಕ್ರಾಂತನ ಹೆಂಡತಿ ಸ್ನೇಹಲ.

"ಬ್ಯಾನಿ ಅಲ್ರಿ ವೈನಿ, ಅಂಜಿಕಿ."

ಮರುವರ್ಷ ವಿಕ್ರಾಂತ ಕಣಕ್ಕೆ ಮರಳಿದ. ಸಂಗ್ರಾಮನದು ಮತ್ತದೇ ಆಜ್ಞೆ. ಖಲೀಲ ಎಡಕ್ಕೆ ತಳ್ಳಿದ. ವಿಕ್ರಾಂತ ಎಡಗಾಲನ್ನು ಗಟ್ಟಿಯಾಗಿ ಊರಿ, ಚಿಮ್ಮಿ, ಖಲೀಲನ ಚಾಚಿದ ಬೆರಳುಗಳ ಮೇಲಿಂದ ಚೆಂಡನ್ನು ಬುಟ್ಟಿಗಿಳಿಸಿದ. ಪುಣೆ ಸೋತಿತು. "ನಿನ್ನ ಕಾಲಾಗ ಮೊದಲಿನ ಚುರುಕ ಉಳದಿಲ್ಲ" ಎಂದು ಸಂಗ್ರಾಮ ಅವನನ್ನು ತಂಡದಿಂದ ಕೈಬಿಟ್ಟ. ಅಂದು ತಾನು ಕ್ಷಣಮಾತ್ರ ತಡವಾದದ್ದು ವಯಸ್ಸಿನಿಂದಲೋ ಮನಸ್ಸಿನಿಂದಲೋ ಎಂದು ಖಲೀಲನಿಗೆ ಇಂದಿಗೂ ತಿಳಿಯದು. ಈಗ ಊರಿನ ಶಾಲೆಯೊಂದರಲ್ಲಿ ಆಟ ಕಲಿಸುತ್ತಾನೆ. ಯಾರಾದರೂ ಆ ಕೊನೆಯ ಆಟದ ಬಗ್ಗೆ ಕೆದಕಿದರೆ, "ನನಗೂ ತಿಳಿವಲ್ದ್ರಿ" ಎಂದು ಎದ್ದು ಹೊರಟುಬಿಡುತ್ತಾನೆ.

ಬದುಕಿಡೀ ಇನ್ನೊಬ್ಬರ ದಾರಿಗೆ ಅಡ್ಡ ನಿಲ್ಲುವವರು ಆ ಇನ್ನೊಬ್ಬರನ್ನು ಅವರ ಮನೆಮಂದಿಗಿಂತ ಸೂಕ್ಷ್ಮವಾಗಿ ಅರಿಯುತ್ತಾರೆ. ಅಷ್ಟು ಅರಿತವನನ್ನು ಪ್ರೀತಿಸದಿರುವುದು ಕಷ್ಟ, ಪ್ರೀತಿಸಿಯೂ ತಡೆಯುವುದು ಅದಕ್ಕಿಂತ ಕಷ್ಟ. ಇಂಥವರಿಗೆ ಗೆಲುವೂ ಪೂರ್ತಿ ದಕ್ಕುವುದಿಲ್ಲ, ಸೋಲೂ ಪೂರ್ತಿ ನೋಯಿಸುವುದಿಲ್ಲ.