ಬಿರಡೆಯ ತಂತಿ

ಉತ್ತರ ರಷ್ಯಾದ ಮೆಜೆನ್ ನದಿ ಹೆಪ್ಪುಗಟ್ಟಿ ಮೂರು ತಿಂಗಳಾಗಿತ್ತು. ಹಿಮದ ಮೇಲೆ ಜಾರಿ ಓಡುವ ಹಳೆಯ ಅಂಚೆಬಂಡಿ ದಂಡೆಯ ಮೇಲೆ ಹೊಸ ಕೆಂಪು ಬಣ್ಣ ಬಳಿದುಕೊಂಡು ನಿಂತಿತ್ತು. ಬೆನ್ನಿಗೆ ವಿಮಾನದ ಎಂಜಿನ್ನು, ಅದರ ಹಿಂದೆ ಆಳೆತ್ತರದ ಪಂಖ. ಕೆಳಗಿನ ಜಾರುಪಟ್ಟಿಗಳು ಮಂಜುಗಡ್ಡೆಗೆ ಕಚ್ಚಿಕೊಳ್ಳದಂತೆ ಬರ್ಚ್ ಮರದ ದಿಮ್ಮಿಗಳನ್ನು ಅಡಿಗಿಟ್ಟಿದ್ದರು. ಎರಡು ಚಳಿಗಾಲ ಕೂತು ಅದನ್ನು ಬಿಚ್ಚಿ ಕಟ್ಟಿದವನು ಮುದುಕ ಫೆದೋತ್ ಲೂಕಿಚ್. ಒಂದು ಕಾಲಕ್ಕೆ ಅದರ ಮೆಕ್ಯಾನಿಕ್ಕೂ ಅವನೇ.

ಚಳಿಯಲ್ಲಿ ಆ ಎಂಜಿನ್ನಿಗೊಂದು ಉಪಚಾರವಿತ್ತು. ಸಂಜೆ ಎಣ್ಣೆ ಬಸಿದು ಬಕೆಟ್ಟಿನಲ್ಲಿ ಮನೆಯ ಒಲೆಯ ಮೇಲಿಡಬೇಕು. ಬೆಳಿಗ್ಗೆ ಎಣ್ಣೆ ಬಸಿಯುವ ಅಡಿಯ ಬಾಯಿಗೆ ಬಿರಡೆ ತಿರುಗಿಸಿ, ಅದು ಅದುರಿ ಸಡಿಲವಾಗದಂತೆ ಅದರ ತಲೆಯ ತೂತಿನಲ್ಲಿ ತಂತಿ ಪೋಣಿಸಿ ಬಿಗಿದು, ಬಿಸಿ ಎಣ್ಣೆ ಹೊಯ್ಯಬೇಕು. ಮೂವತ್ತೆಂಟು ವರ್ಷದ ಹಿಂದಿನ ಒಂದು ಬೆಳಿಗ್ಗೆ ಫೆದೋತನ ಬೆರಳು ಮರಗಟ್ಟಿದ್ದವು. ಬಿರಡೆ ತಿರುಗಿಸಿ ಎಣ್ಣೆ ಹೊಯ್ದವನು, ಚಹಾ ಕುಡಿದು ಬಂದು ತಂತಿ ಬಿಗಿದರಾಯಿತೆಂದು ಒಳಗೆ ಹೋದ. ಅಷ್ಟರಲ್ಲಿ ಬಂಡಿ ಹೊರಟಿತ್ತು.

ನಡುದಾರಿಯಲ್ಲಿ ಬಿರಡೆ ಬಿದ್ದು, ಎಣ್ಣೆಯೆಲ್ಲ ಸೋರಿ ಎಂಜಿನ್ನು ಸುಟ್ಟಿತು. ಚಾಲಕ ಪ್ರೊಖೋರ್ ಸಾವ್ವಿಚ್ ಅಂಚೆಚೀಲ ಹೊತ್ತು ದಿನವಿಡೀ ನಡೆದು ಬಂದ. ಚಳಿಗೆ ಬಲಗಾಲಿನ ಎರಡು ಬೆರಳು ಹೋದವು. "ತಂತಿ ಬಿಗಿದಿದ್ದೆಯಾ?" ಎಂದು ವಿಚಾರಣೆಯಲ್ಲಿ ಕೇಳಿದಾಗ ಫೆದೋತ್ ಹೂಂ ಎಂದ. ಬಿರಡೆ ಹಿಮದಲ್ಲೆಲ್ಲೋ ಹೂತಿತ್ತು, ನೋಡಿದವರಿಲ್ಲ. ಪ್ರೊಖೋರ್ ಎಣ್ಣೆ ಹೊಯ್ಯದೇ ಹೊರಟನೆಂದು ಬರೆದರು. ಕೆಲಸ ಕಳೆದುಕೊಂಡು ಅವನು ಮರ ಕಡಿಯಲು ಹೋದ. ಊರು ಅವನಿಗೆ 'ಒಣ ಎಂಜಿನ್ನು' ಎಂದು ಹೆಸರಿಟ್ಟಿತು. ಎಲ್ಲರ ಜೊತೆ ಫೆದೋತನೂ ನಕ್ಕಿದ್ದ. ಊರ ಗಂಡಸರೆಲ್ಲ ಒಟ್ಟಿಗೆ ಮೀಯುವ ಶನಿವಾರದ ಸ್ನಾನದ ಮನೆಯಲ್ಲಿ ಮಾತ್ರ ಆ ಪಾದದ ಕಡೆ ನೋಡದಿರುವುದನ್ನು ಕಲಿತಿದ್ದ.

ಈವತ್ತು ಬಂಡಿಯ ಮೊದಲ ಓಟ. ಊರೆಲ್ಲ ನೆರೆದಿತ್ತು. ಪ್ರೊಖೋರ್ ತನ್ನ ಹಳೆಯ ಚರ್ಮದ ಚಾಲಕನ ಟೋಪಿ ಹಾಕಿಕೊಂಡು, ಕೋಲೂರಿಕೊಂಡು ಬಂದ.

"ಅಗಾಫ್ಯಾ, ಒಂದ್ಸಲ ನಾನು ಓಡಿಸ್ಲೇನವ್ವಾ? ಆ ತಿರುವಿನ ತಂಕ ಅಷ್ಟೇ."

ಊರ ಕ್ಲಬ್ಬು ನೋಡಿಕೊಳ್ಳುವ, ಈ ಓಟ ಏರ್ಪಡಿಸಿದ್ದ ಅಗಾಫ್ಯಾ ಬಾಯಿ ತೆರೆಯುವುದರೊಳಗೆ ಮೀನುಗಾರ ಝಖಾರ್ ಕೂಗಿದ: "ಸಾವ್ವಿಚ್, ಈ ಸಲನಾದ್ರೂ ಎಣ್ಣೆ ಹೊಯ್ಕೊಂಡು ಹೋಗ್ತೀಯೋ, ಒಣಗ್ಲೇ ಓಡಿಸ್ತೀಯೋ?"

ಜನ ಗೊಳ್ಳೆಂದರು.

"ಬೇಡ ತಾತಾ, ಬೇಜಾರ್ ಮಾಡ್ಕೋಬೇಡ," ಎಂದಳು ಅಗಾಫ್ಯಾ. "ಇದು ಸುಟ್ರೆ ಇನ್ನೊಂದು ಎಂಜಿನ್ನು ಎಲ್ಲಿಂದ ತರೋಣ? ಲೂಕಿಚ್ ತಾತನೇ ಓಡಿಸ್ಲಿ."

ಪ್ರೊಖೋರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಆ ಚಳಿಯಲ್ಲಿ ಅವನ ಬೋಳುತಲೆಯಿಂದ ಹಬೆ ಏಳುತ್ತಿತ್ತು.

ಬಿಸಿ ಎಣ್ಣೆಯ ಬಕೆಟ್ಟು ಹಿಡಿದಿದ್ದ ಫೆದೋತನ ಕಿವಿ ಉರಿದುಹೋಯಿತು.

"ಅವತ್ತು ಎಣ್ಣೆ ಹೊಯ್ದಿತ್ತು," ಎಂದ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಅಂದ: "ಎಣ್ಣೆ ನಾನೇ ಹೊಯ್ದಿದ್ದೆ ಕಣ್ರೋ. ಬಿರಡೆಗೆ ತಂತಿ ಬಿಗಿದಿರ್ಲಿಲ್ಲ. ಚಾ ಕುಡಿಯಕ್ಕೆ ಹೋದೆ. ಆಮೇಲೆ ಸುಳ್ಳು ಹೇಳ್ದೆ."

ಝಖಾರ್ ಕೈಗವಸು ತೆಗೆದ, ಮತ್ತೆ ಹಾಕಿಕೊಂಡ. ಅಗಾಫ್ಯಾ ನೆಲ ನೋಡಿದಳು. ಪ್ರೊಖೋರ್ ಬಯ್ಯಲಿ ಎಂದು ಫೆದೋತ್ ಕಾದ. ಕೋಲೆತ್ತಿ ಹೊಡೆದಿದ್ದರೂ ಹಗುರಾಗುತ್ತಿತ್ತು.

ಪ್ರೊಖೋರ್ ಟೋಪಿ ಹಾಕಿಕೊಂಡ. ಕುಂಟುತ್ತ ಬಂಡಿಯ ಹಿಂದಕ್ಕೆ ಹೋಗಿ, ನೋವಿಗೆ ಮುಲುಗುತ್ತ ಹಿಮದ ಮೇಲೆ ಮಂಡಿಯೂರಿದ. ಕೈಗವಸು ಕಳಚಿ ಎಂಜಿನ್ನಿನ ಅಡಿಗೆ ಕೈ ಹಾಕಿ, ಬಿರಡೆ ಹುಡುಕಿ, ಫೆದೋತ್ ಬೆಳಿಗ್ಗೆ ಬಿಗಿದಿದ್ದ ಅದರ ತಂತಿಯನ್ನು ಬರಿಬೆರಳಲ್ಲಿ ಒಂದೊಂದೇ ಸುತ್ತು ಮುಟ್ಟಿ ನೋಡತೊಡಗಿದ. ಊರೆಲ್ಲ ನೋಡುತ್ತಿತ್ತು. ಅವನಿಗೇನೂ ಆತುರವಿರಲಿಲ್ಲ.

"ಹೊಯ್ಯಿ," ಎಂದ ಕೊನೆಗೆ, ತಿರುಗಿ ನೋಡದೆ. "ಆರೋಗ್ತದೆ."

ಫೆದೋತ್ ಹೊಯ್ದ. ಅರ್ಧ ಎಣ್ಣೆ ಅವನ ಬೂಟಿನ ಮೇಲೇ ಚೆಲ್ಲಿತು.