ಇನ್ನೊಂಚೂರು ಗಾಳಿ

"ಗಾಳಿ ಸಾಲ್ತಿಲ್ಲ ಕಣೋ ಪುಟ್ಟ. ಇನ್ನೊಂಚೂರು ಬಿಡೋಕೆ ಹೇಳೋ."

ಅಕ್ಕ ಆಸ್ಪತ್ರೆಯ ಮಂಚದ ಅಂಚಿಗೆ ಎರಡೂ ಕೈ ಊರಿ, ಭುಜ ಮೇಲೆತ್ತಿ ಕೂತಿದ್ದಳು. ಒಂದು ಮಾತು ಮುಗಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಮೂಗಿನ ನಳಿಕೆಯಿಂದ ನಾಲ್ಕು ಸಲ ಉಸಿರೆಳೆದುಕೊಳ್ಳಬೇಕಾಗುತ್ತಿತ್ತು. ತಲೆ ಬೋಳಾದ, ನಿವೃತ್ತಿಗೆ ಬಂದ ಬಸ್ ಡ್ರೈವರನ್ನು ಪುಟ್ಟ ಎಂದು ಕರೆಯಲು ಈಗ ಉಳಿದಿದ್ದವಳು ಅವಳೊಬ್ಬಳೇ. ಅಪ್ಪ ಅಮ್ಮ ಹೋದ ಮೇಲೆ ಅವಳು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೌದೆ ಒಲೆ ಊದಿ ಊದಿ ತಮ್ಮನನ್ನು ಬೆಳೆಸಿದ್ದಳು. ಆ ಹೊಗೆಯೆಲ್ಲ ಅವಳ ಎದೆಯೊಳಗೇ ಮನೆ ಮಾಡಿಕೊಂಡಿತ್ತು. ಪ್ರತಿ ಚಳಿಗಾಲವೂ ಕೆಮ್ಮಿಕೊಂಡೇ ದಾಟುತ್ತಿದ್ದವಳು ಈ ಸಲ ಜ್ವರವೂ ಸೇರಿಕೊಂಡು ಮಂಚ ಹಿಡಿದಿದ್ದಳು.

ಅವನು ಹೋಗಿ ನರ್ಸನ್ನು ಕರೆತಂದ. ಆ ಮಧ್ಯಾಹ್ನ ಇಡೀ ವಾರ್ಡಿಗೆ ಅವಳೊಬ್ಬಳೇ ಇದ್ದಳು. ಅಕ್ಕನ ಬೆರಳಿಗೆ ಕಚ್ಚಿಸಿದ್ದ ಕ್ಲಿಪ್ಪನ್ನು ಸರಿಮಾಡಿ, ಚಿಕ್ಕ ಪರದೆಯ ಮೇಲೆ ಎಂಬತ್ತೊಂಬತ್ತು ಎಂದು ಮೂಡಿದ್ದನ್ನು ನೋಡಿದಳು.

"ಸರಿಯಾಗೇ ಇದೆ ಅಣ್ಣ. ಇವರಿಗೆ ಆಕ್ಸಿಜನ್ ಎಂಬತ್ತೆಂಟರಿಂದ ತೊಂಬತ್ತೆರಡರ ಒಳಗೇ ಇರ್ಬೇಕು."

"ಪಕ್ಕದ ಬೆಡ್ಡಿನವರಿಗೆ ತೊಂಬತ್ತೇಳು ಇದೆಯಲ್ಲ ಸಿಸ್ಟರ್?"

"ಅವರ ಕಾಯಿಲೆ ಬೇರೆ. ಇವರ ಶ್ವಾಸಕೋಶ ಒಳಗಿನ ಕೆಟ್ಟ ಗಾಳೀನ ಸರಿಯಾಗಿ ಹೊರಗೆ ಹಾಕಲ್ಲ. ಆಕ್ಸಿಜನ್ ಅತಿಯಾದ್ರೆ ಅದು ಇನ್ನೂ ಒಳಗೇ ತುಂಬ್ಕೊಳ್ಳುತ್ತೆ. ಮೊದ್ಲು ಮಂಪರು ಬರುತ್ತೆ, ಆಮೇಲೆ ಎಚ್ಚರಾನೇ ತಪ್ಪುತ್ತೆ. ಔಷಧಿ ಕೊಟ್ಟಿದೀವಿ, ಏದುಸಿರು ಕಮ್ಮಿಯಾಗುತ್ತೆ. ನೀವು ಮಾತ್ರ ಗೋಡೆ ಮೇಲಿನ ತಿರುಪನ್ನ ಮುಟ್ಬೇಡಿ."

ಅವನು ತಲೆಯಾಡಿಸಿದ. ಆದರೆ ಮಾತು ತಲೆಗೆ ಹೋಗಲಿಲ್ಲ. ಉಸಿರು ಸಿಕ್ಕದೆ ಒದ್ದಾಡುವವಳಿಗೆ ಗಾಳಿಯೇ ಕೆಡುಕು ಎಂದರೆ ಯಾರು ತಾನೇ ನಂಬುತ್ತಾರೆ? ನರ್ಸು ಆಚೆ ಹೋದದ್ದೇ ಅಕ್ಕ, "ಗಾಳೀಗೂ ಜಿಪುಣತನ ಮಾಡ್ತಾರಲ್ಲೋ ಇವರು," ಎಂದು ನಗಲು ಹೋದಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ತುಟಿ ನೀಲಿಗಟ್ಟಿತು. ಅವನಿಗೆ ನೋಡಲಾಗಲಿಲ್ಲ. ಗೋಡೆಯ ಮೇಲೆ ಆಕ್ಸಿಜನ್ ಅಳೆಯುವ ಗಾಜಿನ ಕೊಳವೆಯಲ್ಲಿ ಸಣ್ಣ ಗುಂಡೊಂದು ತಳದ ಹತ್ತಿರವೇ ತೇಲುತ್ತಿತ್ತು. ಪಕ್ಕದ ಮಂಚದ್ದು ನಡುಮಧ್ಯದಲ್ಲಿತ್ತು. ಜೀವಮಾನವಿಡೀ ಮೀಟರು ನೋಡಿದವನಿಗೆ ಅದನ್ನು ಓದಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಎದ್ದು, ಅತ್ತಿತ್ತ ನೋಡಿ, ತಿರುಪು ತಿರುಗಿಸಿದ. ಗುಂಡು ಚಂಗನೆ ಮೇಲೇರಿತು.

ಪರದೆಯ ಮೇಲೆ ಅಂಕಿ ಏರತೊಡಗಿತು. ತೊಂಬತ್ತಮೂರು. ತೊಂಬತ್ತಾರು. ತೊಂಬತ್ತೊಂಬತ್ತು. ಅಕ್ಕನ ಭುಜಗಳು ಇಳಿದವು, ಕೆನ್ನೆಗೆ ಬಣ್ಣ ಬಂತು. ಅವಳು ದಿಂಬಿಗೆ ಒರಗಿಕೊಂಡಳು.

"ಈಗ ಹಾಯಾಯ್ತು ನೋಡು. ನೀನು ಹೋಗಿ ಏನಾದ್ರೂ ಹೊಟ್ಟೆಗೆ ಹಾಕ್ಕೊಂಡು ಬಾ."

ಹೊರಗಿನ ಪಡಸಾಲೆಯಿಂದ ಅವನು ಅಕ್ಕನ ಮಗಳಿಗೆ ಫೋನು ಮಾಡಿದ. ಅವಳು ಇನ್ನೂ ದಾರಿಯಲ್ಲಿದ್ದಳು. "ಅಮ್ಮ ನಿದ್ದೆ ಮಾಡ್ತಿದ್ದಾಳೆ ಕಣಮ್ಮ. ಗಾಬರಿ ಬೀಳ್ಬೇಡ, ನಿಧಾನವಾಗಿ ಬಾ," ಎಂದ. ಆಮೇಲೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬ ಉಂಡ.

ವಾಪಸು ಬಂದಾಗಲೂ ಅಕ್ಕ ಮಲಗಿಯೇ ಇದ್ದಳು. ಮುಖ ಕೆಂಪಗಾಗಿತ್ತು, ಅಂಗೈ ಬೆಚ್ಚಗೆ ಬೆವೆತಿತ್ತು. "ಅಕ್ಕಾ," ಎಂದ. ಭುಜ ಹಿಡಿದು ಅಲುಗಿಸಿದ. ರೆಪ್ಪೆ ಅರ್ಧ ತೆರೆದು ಮುಚ್ಚಿಕೊಂಡಿತು. ಹೊದಿಕೆಯ ಮೇಲಿದ್ದ ಕೈ ಒಂದೆರಡು ಸಲ ಸುಮ್ಮನೆ ಅದುರಿತು.

ಅವನ ಕೂಗಿಗೆ ಓಡಿ ಬಂದ ನರ್ಸು ಅಕ್ಕನನ್ನು ನೋಡಿದಳು, ಗೋಡೆಯ ಮೇಲಿನ ಗುಂಡು ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ತಿರುಪನ್ನು ಪೂರ್ತಿ ಮುಚ್ಚಲು ಕೈ ಚಾಚಿದ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು.

"ನಿಲ್ಲಿಸ್ಬೇಡಿ! ಒಮ್ಮೆಲೇ ತೆಗೆದ್ರೆ ಇನ್ನೂ ಅಪಾಯ. ಬಿಡಿ, ನಾನು ಕಮ್ಮಿ ಮಾಡ್ತೀನಿ. ನೀವು ಡಾಕ್ಟ್ರನ್ನ ಕರೀರಿ, ಓಡಿ!"

ಡಾಕ್ಟರು ಬಂದರು. ಮಂಚದ ಸುತ್ತ ಪರದೆ ಎಳೆದರು. ಅಕ್ಕನ ಮಣಿಕಟ್ಟಿನಿಂದ ರಕ್ತ ತೆಗೆದುಕೊಂಡು ಹೋದರು, ಉಸಿರು ಒತ್ತಿ ಕೊಡುವ ಯಂತ್ರವನ್ನು ತಳ್ಳಿಕೊಂಡು ಬಂದರು. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು, "ಕೆಟ್ಟ ಗಾಳಿ ರಕ್ತದಲ್ಲಿ ತುಂಬಾ ಏರಿದೆ. ಮಷೀನು ಹಾಕಿದ್ರೂ ಇಳೀತಿಲ್ಲ. ಮನೆಯವರಿಗೆಲ್ಲ ಹೇಳಿ ಕಳಿಸಿ," ಎಂದರು. ಆಮೇಲೆ ನರ್ಸಿನ ಕಡೆ ತಿರುಗಿ, "ವಾರ್ಡಲ್ಲಿ ನೀವಿದ್ದು ಏನ್ ನೋಡ್ತಿದ್ರಿ?" ಎಂದು ರೇಗಿದರು.



"ಅವರು ಬೇಡ ಅಂತಲೇ ಹೇಳಿದ್ರು ಡಾಕ್ಟ್ರೇ. ನಾನೇ ತಿರುಗಿಸಿದ್ದು," ಎಂದ ಅವನು.

ಡಾಕ್ಟರು ತನ್ನನ್ನು ಬೈಯುತ್ತಾರೆಂದು ಅವನು ಕಾದ. ಅವರು ಬೈಯಲಿಲ್ಲ. ಪರದೆ ಸರಿಸಿಕೊಂಡು ಒಳಗೆ ಹೋದರು.

ಸಂಜೆಗೆ ಅಕ್ಕನ ಮಗಳು ಬಂದಳು. ಒಳಗೆ ಹೋಗಿ, ಯಂತ್ರದ ಉಸಿರಿನಲ್ಲಿ ಎಚ್ಚರವಿಲ್ಲದೆ ಮಲಗಿದ್ದ ಅಮ್ಮನ ಪಾದ ಮುಟ್ಟಿ, ಹೊರಗೆ ಬಂದು ಬೆಂಚಿನ ಮೇಲೆ ಅವನ ಪಕ್ಕ ಕೂತು ಅವನ ಕೈ ಹಿಡಿದುಕೊಂಡಳು.

"ನೀವು ಜೊತೆಗಿದ್ರಲ್ಲ ಮಾವ. ಅದೊಂದೇ ಸಮಾಧಾನ."

"ನಾನೇ ಕಣಮ್ಮ ಮಾಡಿದ್ದು," ಎಂದ. "ಸಿಸ್ಟರ್ ಮುಟ್ಬೇಡಿ ಅಂದಿದ್ರು. ಆದ್ರೂ ನಾನೇ ಆಕ್ಸಿಜನ್ ಜಾಸ್ತಿ ಮಾಡಿದೆ."

ಅವಳು ಅರ್ಥವಾಗದೆ ಅವನನ್ನೇ ನೋಡಿದಳು. "ಅದಕ್ಯಾಕೆ ಹೀಗೆ ಅಳ್ತೀರಾ? ಉಸಿರು ಕಟ್ಟಿದವರಿಗೆ ಗಾಳಿ ಕೊಡೋದು ತಪ್ಪಾ? ಇವರೇ ಕಮ್ಮಿ ಕೊಟ್ಟು ಕೊಟ್ಟು ಅಮ್ಮನ್ನ ಈ ಗತಿಗೆ ತಂದಿದ್ದಾರೆ. ಬೆಳಗ್ಗೆಯೇ ನೀವು ಜಾಸ್ತಿ ಮಾಡಿದ್ದಿದ್ರೆ ಉಳ್ಕೊಂತಿದ್ಲೋ ಏನೋ."

"ಹಾಗಲ್ಲಮ್ಮ. ಅಕ್ಕನ ಎದೆಯೊಳಗೆ..."

ನರ್ಸು ಹೇಳಿದ್ದೆಲ್ಲ ಈಗ ಒಂದಕ್ಷರವೂ ಬಿಡದೆ ನೆನಪಿಗೆ ಬಂತು. ಇಷ್ಟು ಸರಳವಾದದ್ದು ಮಧ್ಯಾಹ್ನ ಯಾಕೆ ಹೊಳೆಯಲಿಲ್ಲ ಎನಿಸಿತು. ಅವಳು ಅವನ ಬೆನ್ನು ಸವರುತ್ತಾ, "ಬಿಡಿ ಮಾವ, ಈಗೇನೂ ಮಾತಾಡ್ಬೇಡಿ," ಎಂದಳು. ಎದ್ದು ಅಮ್ಮನ ಹತ್ತಿರ ಹೋದಳು.

ನೆಲ ಒರೆಸುವವಳು ಬಕೆಟ್ಟು ದೂಡಿಕೊಂಡು ಬಂದಳು. "ಸ್ವಲ್ಪ ಕಾಲೆತ್ತಿ ಅಣ್ಣ," ಎಂದಳು. ಅವನು ಎರಡೂ ಕಾಲು ಎತ್ತಿದ. ಅವಳು ಬೆಂಚಿನ ಕೆಳಗೆಲ್ಲ ಒರೆಸಿ, ಬಟ್ಟೆ ಹಿಂಡಿಕೊಂಡು, ಪಡಸಾಲೆಯ ತಿರುವಿನಲ್ಲಿ ಮರೆಯಾದಳು. ಕಿಟಕಿಯ ಕಡೆಯಿಂದ ನೆಲ ಆರುತ್ತಾ ಬಂತು. ಬೆಂಚಿನ ತನಕ ಆರಿತು. ಅವನ ಕಾಲುಗಳು ಇನ್ನೂ ಮೇಲೆಯೇ ಇದ್ದವು.